ಅಂಗಡ್ಯಾಗ ಮೂಸಂಬಿ, ಬಸ್ಸಿನ್ಯಾಗ ಮಲ್ಲಿಗಿ, ಮನ್ಯಾಗ ಟ್ರಂಕು: ಈ ಸೆಂಟು ಡೂಪ್ಲಿಕೇಟೇನ್ರಿ?

ಸಾಧನಕೇರಿ_ಹುಡುಗಿ · ಶನಿವಾರ ರಾತ್ರಿ 9.12

ನಮಸ್ಕಾರ್ರಿ ಎಲ್ಲಾರಿಗೂ. ಮುಂದಿನ ತಿಂಗಳ ಅಣ್ಣನ ಲಗ್ನ ಅದ. ಅದಕ್ಕಂತ ನಿನ್ನೆ ಆಫೀಸ್ ಬಿಟ್ಟ ಮ್ಯಾಲ ಹುಬ್ಬಳ್ಳ್ಯಾಗ ಒಂದು ಸೆಂಟ್ ತೊಗೊಂಡೆ. 50 ಎಂಎಲ್, 3,400 ರೂಪಾಯಿ. ಮನ್ಯಾಗ 900 ಅಂತ ಹೇಳೀನಿ, ಯಾರೂ ಬಾಯಿ ಬಿಡಬ್ಯಾಡ್ರಿ.

ಅಂಗಡ್ಯಾಗಿನ ಹುಡುಗ ಕಾಗದದ ಪಟ್ಟಿಗೆ ಹೊಡದು ಮೂಗಿಗೆ ಹಿಡದ. ಮೂಸಂಬಿ ಸಿಪ್ಪಿ ಆಗಷ್ಟ ಸುಲದಂಗ, ಅಗದಿ ತಾಜಾ. ಕೈಗೂ ಹೊಡಕೊಂಡೆ, ಹಂಗ ಇತ್ತು. ಐದು ನಿಮಿಷದಾಗ ಬಿಲ್ ಮಾಡಿಸಿ ಚಿಗರಿ ಬಸ್ ಹತ್ತಿದೆ. ನವನಗರ ಬರೂದ್ರಾಗ ಮೂಸಂಬಿ ಮಾಯ, ಮಲ್ಲಿಗಿ ಹಾಜರ್. ಅದೂ ಛಲೋನ ಇತ್ತು ಅನ್ರಿ. ಜುಬಿಲಿ ಸರ್ಕಲ್‌ನ್ಯಾಗ ಇಳದು, ಜರತಾರಿ ಅಂಗಡಿ ತಿರಗಿ ಮನಿಗೆ ಬಂದು ಚಪ್ಪಲಿ ಬಿಡೂದ್ರಾಗ ಅವ್ವ ಮೂಗು ಏರಿಸಿ, "ಯಾರ ಟ್ರಂಕ್ ತಗದೀರಿ? ಡಾಂಬರ್ ಗುಳಿಗಿ ವಾಸನಿ ಬರ್ಲಿಕತ್ತದಲ್ಲ" ಅಂದಳು. ಆ ಹೊತ್ತಿಗೆ ನನ್ನ ಮೂಗಿಗೆ ಏನಂದ್ರ ಏನೂ ಇಲ್ಲ!

ಒಂದ ಬಾಟ್ಲಿ, ಎರಡು ತಾಸಿನ್ಯಾಗ ಮೂರು ವಾಸನಿ. ಡೂಪ್ಲಿಕೇಟ್ ಮಾಲೇನ್ರಿ ಇದು? ಇಲ್ಲಾ ನನ್ನ ಮೈನ ಹಿಂಗೇನು?

ಉಣಕಲ್_ಗಾಳಿ · 9.15

ಬಿಲ್ ಐತೇನ್ರಿ?

ಚಿಗರಿ_ಪ್ರಯಾಣಿಕ · 9.21

ನಿನ್ನೆ ಸಂಜೀ ಮುಂದ ನನ್ನ ಮುಂದಿನ ಸೀಟಿನ್ಯಾಗ ಕುಂತಾಕಿ ನೀವ ಇರಬೇಕು. ಎಸಿ ಬಸ್ಸು, ಕಿಡಕಿ ತಗಿಯಾಕ ಬರಂಗಿಲ್ಲ, ಓಡಿ ಎಲ್ಲಿ ಹೋಗೂದು? ರಾಯಾಪುರ ದಾಟೂದ್ರಾಗ ನನ್ನ ತಲಿ ಹಿಡದಿತ್ತು. ಒಂದು ಸಲ ಹೊಡಕೋರಿ, ಏಳು ಸಲ ಅಲ್ಲ.

ಸಾಧನಕೇರಿ_ಹುಡುಗಿ · 9.24

ನಾ ಹೊಡಕೊಂಡಿದ್ದು ಎರಡ ಸಲರಿ. ಅಂಗಡ್ಯಾಂವ ಒಂದು, ನಾ ಒಂದು. ನಿಮ್ಮ ಮುಂದ ಕುಂತಾಕಿ ಬ್ಯಾರೆ ಯಾರೋ.

ಅರಳಿ_ಅತ್ತರ್ · 9.48

ತಂಗಿ, ಗಾಬರಿ ಆಗಬ್ಯಾಡವಾ. ನಮ್ಮದು ಹುಬ್ಬಳ್ಳ್ಯಾಗ ಅಜ್ಜನ ಕಾಲದಿಂದ ಅತ್ತರ್ ಮಾರೂ ಮನಿತನ, ಅದಕ್ಕ ನಾಕು ಮಾತು ಹೇಳ್ತೀನಿ.

ಮೂರು ವಾಸನಿ ಬಂತು ಅಂದ್ರ ಮಾಲು ಕೆಟ್ಟೈತಿ ಅಂತ ಅಲ್ಲ. ಹಂಗ ಬರಲಿ ಅಂತನ ಮಾಡಿರ್ತಾರ. ಸೆಂಟಿನ್ಯಾಗ ಹಗರ ಎಣ್ಣಿ ಇರ್ತಾವ, ನಡಬರಕ ಇರ್ತಾವ, ಜಡ ಎಣ್ಣಿ ಇರ್ತಾವ. ಲಿಂಬಿ, ಮೂಸಂಬಿ, ಕಿತ್ತಳಿ ಜಾತಿದು ಹಗರ. ಬಂದಷ್ಟ ಜೋರಾಗಿ ಹೋಗಿಬಿಡ್ತೈತಿ, ಕಾಲು ತಾಸು ಇದ್ರ ಪುಣ್ಯ. ಗುಲಾಬಿ, ಮಲ್ಲಿಗಿ ನಡುವಿಂದು, ಎರಡು ಮೂರು ತಾಸು. ಗಂಧ, ಊದು, ಖಸ್, ಪಚೋಲಿ ಅನ್ನೂ ಎಲಿ, ಕಸ್ತೂರಿ ಇವು ಜಡ. ರಾತ್ರಿ ಮಲಗಿ ಎದ್ದರೂ ಅಂಗಿ ತೋಳಿನ್ಯಾಗ ಕುಂತಿರ್ತಾವ.

ನಮ್ಮಪ್ಪ ಗಿರಾಕಿಗೆ ಎಂದೂ ಶೀಶೆ ಮೂಸಾಕ ಕೊಡ್ತಿದ್ದಿಲ್ಲ. ಅಂಗೈ ಹಿಂದ ಗಾಜಿನ ಕಡ್ಡೀಲೆ ಒಂದು ಗೀರು ಎಳದು, "ದುರ್ಗದಬೈಲಿಗೆ ಹೋಗಿ ಸಂತಿ ಮಾಡ್ಕೊಂಡು ಬರ್ರಿ, ಆವಾಗೂ ಚೊಲೊ ಅನಿಸಿದ್ರ ಒಯ್ರಿ" ಅಂತಿದ್ದ. ಹತ್ತು ಮಂದ್ಯಾಗ ನಾಕು ಮಂದಿ ತಿರಗಿ ಬರ್ತಿದ್ದಿಲ್ಲ. ಬಂದ ಆರು ಮಂದಿ ಜನ್ಮದ ಗಿರಾಕಿ. ಈಗಿನ ಅಂಗಡ್ಯಾಗ ಅಷ್ಟು ಪುರಸೊತ್ತು ಯಾರಿಗೈತಿ? ಮೂಸಂಬಿ ಹಾರೂದ್ರಾಗ ಬಿಲ್ ಆಗಿರಬೇಕು.

ಬೆಂಗಳೂರಿಗೆ_ಹೋದಾಂವ · 9.55

ಮೂಲ ಹಾವೇರಿ, ಇರೂದು ಬೆಂಗಳೂರಾಗ. ಇದೆಲ್ಲಾ ಸ್ಕಿನ್ ಪಿಎಚ್ (ಚರ್ಮದಾಗ ಆಮ್ಲ ಎಷ್ಟೈತಿ ಅನ್ನೂ ಅಳತಿ) ಆಟ. ಒಬ್ಬೊಬ್ಬರ ಚರ್ಮದ ಪಿಎಚ್ ಒಂದೊಂದು, ಅದರ ಪ್ರಕಾರ ಸೆಂಟು ಬದಲಾಗ್ತೈತಿ. ವಿಡಿಯೋದಾಗ ಹೇಳ್ಯಾರ.

ಗದಗಿನ_ಮಾಸ್ತರ · 10.20

ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಪಿಎಚ್ ಮಾತು ಕೇಳಿ ಸುಮ್ಮನೆ ಇರಲು ಆಗಲಿಲ್ಲ.

ಬಹುತೇಕರ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಐದರ ಆಸುಪಾಸು. ಇವರಿಗೂ ಅವರಿಗೂ ಇರುವ ಆ ಚೂರು ವ್ಯತ್ಯಾಸದಿಂದ ಮೂಸಂಬಿ ಹೋಗಿ ಮಲ್ಲಿಗೆ ಆಗುವುದಿಲ್ಲ. ಇಲ್ಲಿ ನಡೆಯುವುದು ಮುಖ್ಯವಾಗಿ ಆವಿಯಾಗುವಿಕೆ. ಸೆಂಟಿನ ಬಹುಪಾಲು ಆಲ್ಕೋಹಾಲು. ಅದು 78 ಡಿಗ್ರಿಗೆ ಕುದಿಯುವಂಥದ್ದು, ಕೈಮೇಲೆ ಬಿದ್ದ ಕೂಡಲೇ ತಣ್ಣಗೆ ಅನಿಸಿ ಹಾರಿಹೋಗುತ್ತದೆ. ಆಮೇಲೆ ಹಗುರ ಅಣುಗಳ ಸರದಿ. ಮೂಸಂಬಿ ಸಿಪ್ಪೆಯಲ್ಲಿರುವ ಲಿಮೊನೀನಿನ ಅಣುತೂಕ 136. ಗಂಧದೆಣ್ಣೆಯ ಸ್ಯಾಂಟಲಾಲ್ 220. ಹಗುರ ಇದ್ದದ್ದು ಮೊದಲು ಹಾರುತ್ತದೆ, ತೂಕದ್ದು ಕೊನೆಗೆ. ಇಷ್ಟೇ.

ಚರ್ಮದ ಪಾತ್ರ ಇಲ್ಲವೆಂದಲ್ಲ. ಮೈ ಬಿಸಿ ಇದ್ದರೆ ಬೇಗ ಹಾರುತ್ತದೆ. ಚರ್ಮದಲ್ಲಿ ಜಿಡ್ಡು ಇದ್ದರೆ ಎಣ್ಣೆಯಂಥ ಅಣುಗಳು ಅದರಲ್ಲಿ ಕರಗಿ ಕೂರುತ್ತವೆ, ನಿಧಾನ ಬಿಡುತ್ತವೆ. ಒಣ ಚರ್ಮದವರಿಗೆ ಸೆಂಟು ನಿಲ್ಲುವುದಿಲ್ಲ ಎನ್ನುವುದು ಅದಕ್ಕೇ.

ಲ್ಯಾಬ್_ಕೋಟು · 10.34

ಸರ್, ಗೌರವ ಇಟ್ಟುಕೊಂಡ ಒಂದು ತಕರಾರು. ತೂಕ ಒಂದ ಲೆಕ್ಕ ಅಲ್ಲ. ಲ್ಯಾವೆಂಡರಿನ ಲಿನಲೂಲ್ ಅಣುತೂಕ 154. ವೆನಿಲ್ಲಾದ ವೆನಿಲಿನ್ 152, ಅಂದ್ರ ಎರಡು ಕಡಿಮಿನ. ನಿಮ್ಮ ಲೆಕ್ಕದಾಗ ವೆನಿಲಿನ್ ಮೊದಲು ಹೋಗಬೇಕು. ಖರೇ ಅಂದ್ರ ಲಿನಲೂಲ್ ಹೋಗಿ ಎಷ್ಟೋ ತಾಸಿನ ಮ್ಯಾಲೂ ವೆನಿಲಿನ್ ಕಾಗದದ ಮ್ಯಾಲ ದಿನಗಟ್ಟಲೆ ಕೂತಿರ್ತದ. ಅಣುಗೋಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹಿಡಕೊಂಡಾವ ಅನ್ನೂದು ತೂಕದಷ್ಟ ಮುಖ್ಯ.

ಗದಗಿನ_ಮಾಸ್ತರ · 10.41

ಒಪ್ಪಿದೆ. ನನ್ನ ಉತ್ತರಕ್ಕೆ ನಾನೇ ಅರ್ಧ ಅಂಕ ಕಳೆದುಕೊಂಡೆ. ಹಾಗೆ ನೋಡಿದರೆ ಪೌಚರ್ ಎಂಬ ಇಂಗ್ಲಿಷ್ ಪರಿಮಳ ತಜ್ಞರು ಅಣುತೂಕದ ಗೊಡವೆಗೇ ಹೋಗಲಿಲ್ಲ. ಒಂದೊಂದೇ ದ್ರವ್ಯವನ್ನು ಕಾಗದದ ಪಟ್ಟಿಗೆ ಹಚ್ಚಿ, ಎಷ್ಟು ಹೊತ್ತು ವಾಸನೆ ಉಳಿಯುತ್ತದೆಂದು ಮೂಸಿ ಮೂಸಿ 1ರಿಂದ 100ರವರೆಗೆ ಅಂಕ ಕೊಟ್ಟರು. ಗಂಧ, ಪಚೋಲಿಗೆ ನೂರಕ್ಕೆ ನೂರು.

ಬ್ಯಾಡಗಿ_ಖಾರ · 10.44

ನೂರಕ್ಕೆ ನೂರು ನಮ್ಮ ಮೆಣಸಿನಕಾಯಿ ಮಾರ್ಕೆಟ್ಟಿಗೆ ಕೊಡ್ರಿ. ಸೀಜನ್ನಿನ್ಯಾಗ ಒಮ್ಮೆ ಒಳಗ ಹೋಗಿ ಬಂದ್ರ ಮೂರು ದಿವಸ ಅಂಗಿ ಘಾಟ್ ಬಿಡಂಗಿಲ್ಲ.

ಲ್ಯಾಬ್_ಕೋಟು · 10.46

ಘಾಟ್ ಅನ್ನೂದು ವಾಸನಿ ಅಲ್ರಿ, ಉರಿ. ಅದರ ನರಾನ ಬ್ಯಾರೆ.

ಬ್ಯಾಡಗಿ_ಖಾರ · 10.47

ಮೂಗು ನಂದು, ನರ ನಿಮ್ದು.

ತಂಬೂರಿ_ತಂತಿ · 11.02

ಹುಡುಗಿಗೆ ಒಂದು ಮಾತು. ಇಂಗ್ಲಿಷಿನ್ಯಾಗ ಇವನ್ನ ಟಾಪ್ ನೋಟ್, ಮಿಡ್ಲ್ ನೋಟ್, ಬೇಸ್ ನೋಟ್ ಅಂತಾರ. ನೋಟ್ ಅಂದ್ರ ನಮ್ಮ ಸ್ವರ. ಹತ್ತೊಂಬತ್ತನೇ ಶತಮಾನದ ನಡುವ ಲಂಡನ್ನಿನ್ಯಾಗ ಪಿಯೆಸ್ ಅನ್ನೂ ಒಬ್ಬ ಸೆಂಟ್ ವ್ಯಾಪಾರಿ ಇದ್ದ. ಅಂವಾ ಒಂದೊಂದು ವಾಸನೀನೂ ಒಂದೊಂದು ಸ್ವರಕ್ಕ ಜೋಡಿಸಿ ಸಪ್ತಕಾನ ಬರದಿಟ್ಟಾನ.

ಆದ್ರ ಒಂದು ತಿಳಕೋರಿ. "ಮೊದಲ ಮೂಸಂಬಿ, ಆಮ್ಯಾಲ ಮಲ್ಲಿಗಿ" ಅಂದ್ರ ಮಲ್ಲಿಗಿ ಆಮ್ಯಾಲ ಬಂತು ಅಂತಲ್ಲ. ಎಲ್ಲಾರೂ ಒಮ್ಮೆಲೆ ವೇದಿಕಿ ಹತ್ತಿರ್ತಾರ. ಮೂಸಂಬಿ ತಾರಸಪ್ತಕದಾಗ ಒದರ್ಲಿಕತ್ತಿರ್ತದ, ಉಳದಾವ್ರು ಕೇಳಂಗಿಲ್ಲ. ಅದು ಎದ್ದು ಹೋತು, ಮಲ್ಲಿಗಿ ಕೇಳ್ತು. ಮಲ್ಲಿಗೀನೂ ಎದ್ದು ಹೋತು, ತಂಬೂರಿ ಉಳೀತು. ತಂಬೂರಿ ಮೊದಲಿಂದ ಮಿಡೀಲಿಕತ್ತಿತ್ತು. ನಿಮ್ಮ ಅವ್ವ ಹೇಳಿದ ಟ್ರಂಕು ಅಂಗಡ್ಯಾಗೂ ಇತ್ತು ತಂಗಿ, ನಿಮಗ ಕೇಳಿರಲಿಲ್ಲ ಅಷ್ಟ.

ಚಿಗರಿ_ಪ್ರಯಾಣಿಕ · 11.05

ಧಾರವಾಡದಾವರಿಗೆ ಉಪ್ಪಿನಕಾಯಿ ಬಗ್ಗೆ ಕೇಳಿದ್ರೂ ಕಡೀಕ ತಂಬೂರಿಗೆ ಬರ್ತಾರ.

ತಂಬೂರಿ_ತಂತಿ · 11.06

ಉಪ್ಪಿನಕಾಯಿಗೂ ಷಡ್ಜ ಅದರಿ, ಉಪ್ಪು.

ಮೂಗುತಿ · 11.15

ನೀವು ಹೊಡಕೊಂಡ ಮ್ಯಾಲ ಎರಡೂ ಕೈ ತಿಕ್ಕಿದ್ರೇನ್ರಿ? ತಿಕ್ಕಿದ್ರ ಸೆಂಟಿನ ಅಣು ಒಡೀತಾವಂತ. ನಮ್ಮ ವೈನಿ ಹೇಳ್ತಿರ್ತಾರ.

ಲ್ಯಾಬ್_ಕೋಟು · 11.19

ವೈನಿಯವರಿಗೆ ನಮಸ್ಕಾರ ಹೇಳ್ರಿ. ಅಂಗೈ ತಿಕ್ಕಿದ್ರ ಅಣು ಒಡಿಯೂದಿದ್ರ ನಮ್ಮ ಫ್ಯಾಕ್ಟರಿ ಕರೆಂಟ್ ಬಿಲ್ ಎಷ್ಟೋ ಕಮ್ಮಿ ಆಗ್ತಿತ್ತು. ತಿಕ್ಕಿದ್ರ ಬಿಸಿ ಆಗ್ತದ, ಹಗರ ವಾಸನಿ ಇನ್ನೂ ಲಗೂನ ಹೋಗ್ತದ, ಒಂದಿಷ್ಟು ಆ ಕೈಗೆ ಈ ಕೈಗೆ ಒರಸಿ ಹೋಗ್ತದ. ಅಷ್ಟ. ತಿಕ್ಕಬಾರದು ಅನ್ನೂ ಮಾತು ಖರೇ, ಕಾರಣ ಸುಳ್ಳು.

ಸಾಧನಕೇರಿ_ಹುಡುಗಿ · 11.26

ತಿಕ್ಕಿದ್ದೆ. ಸಣ್ಣಾಕಿ ಇದ್ದಾಗಿಂದ ಹಂಗ ರೂಢಿ ಆಗ್ಯದ.

ಉಣಕಲ್_ಗಾಳಿ · 11.27

ಬಿಲ್ಲು?

ಏಲಕ್ಕಿ_ಹಾರ · ರವಿವಾರ ಮುಂಜಾನೆ 6.50

ಹಾವೇರಿಂದ. ನಿನ್ನೆ ರಾತ್ರಿ ಕುಂತು ಎಲ್ಲಾ ಓದಿದೆ. ನಮ್ಮೂರ ಏಲಕ್ಕಿ ಹಾರ ಗೊತ್ತಲ್ರಿ, ಸಭಾದಾಗ ದೊಡ್ಡ ಮಂದಿ ಕೊಳ್ಳಿಗೆ ಹಾಕ್ತಾರ. ಹೊಸದಾಗಿ ಕಟ್ಟಿದ್ದು ಮೂಸಿದ್ರ ಕಣ್ಣಾಗ ಹೋದಂಗ ಚುರುಕು ವಾಸನಿ. ಶೋಕೇಸಿನ್ಯಾಗ ವರ್ಷಾನುಗಟ್ಟಲೆ ಇಟ್ಟಿದ್ದು ಮೂಸಿದ್ರ ಸಿಹಿ, ಕಟ್ಟಿಗಿ ಕಟ್ಟಿಗಿ. ಕಾಯಿ ಅವ. ಚುರುಕು ಮೊದಲು ಹೋಗಿರ್ತೈತಿ. ಸೆಂಟಿನ್ಯಾಗ ಎರಡು ತಾಸಿನ್ಯಾಗ ಆಗೂದು ಹಾರದಾಗ ಎರಡು ವರ್ಷಕ್ಕ ಆಗ್ತೈತಿ ಅನ್ರಿ.

ಇನ್ನೊಂದು. ಸವದತ್ತಿ ಯಲ್ಲಮ್ಮನ ದವನದ ಹುಣ್ಣಿಮಿಗೆ ಹೋದಾಗ ದವನ ತರ್ತೀವಲ್ಲ, ಅದರ ಎಣ್ಣಿ ಸೆಂಟಿಗೆ ಹೋಗ್ತೈತಿ. ದವನದೆಣ್ಣಿ ಒಬ್ಬೊಬ್ಬರ ಮೈಮ್ಯಾಲ ಒಂದೊಂದು ಥರ ಬಿಚ್ಕೋತೈತಿ ಅಂತ ಸೆಂಟ್ ಮಾಡಾವ್ರ ಹೇಳ್ತಾರ. ಹಂಗಾರ ಬೆಂಗಳೂರಿಗೆ ಹೋದಾಂವ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಲ್ರಿ ಮಾಸ್ತರ?

ಬೆಂಗಳೂರಿಗೆ_ಹೋದಾಂವ · 7.30

ಥ್ಯಾಂಕ್ಸ್ ಅಕ್ಕಾರ. ಒಬ್ಬರಾರ ನನ್ನ ಕಡೆ ಅದಾರ.

ಗದಗಿನ_ಮಾಸ್ತರ · 7.58

ಒಬ್ಬೊಬ್ಬರ ಮೈಮೇಲೆ ಬೇರೆ ಬೇರೆ ಎನ್ನುವುದನ್ನು ನಾನೆಲ್ಲಿ ಅಲ್ಲಗಳೆದೆ? ಕಾರಣ ಪಿಎಚ್ ಅಲ್ಲ ಎಂದೆ. ಜಿಡ್ಡು, ಬಿಸಿ, ಬೆವರು, ತೇವ, ಹಿಂದಿನ ದಿನ ಹಚ್ಚಿದ ಸಾಬೂನು, ತಲೆಗೆ ಹಾಕಿದ ಎಣ್ಣೆ, ಎಲ್ಲ ಸೇರುತ್ತದೆ. ಸಾಲದ್ದಕ್ಕೆ ಮೂಸುವ ಮೂಗೂ ಒಬ್ಬೊಬ್ಬರದು ಒಂದೊಂದು.

ಅರಳಿ_ಅತ್ತರ್ · 8.15

ಮೂಗಿನ ಮಾತು ಬಂತಲ್ಲ, ತಂಗಿ ಕೇಳಿದ ಮೂರನೇ ಪ್ರಶ್ನಿಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡ್ರಿ: ಅವ್ವಗ ವಾಸನಿ ಬರ್ತೈತಿ, ಹೊಡಕೊಂಡಾಕಿಗಿಲ್ಲ, ಯಾಕ?

ನಮ್ಮ ಅಂಗಡ್ಯಾಗ ಕುಂತ್ರ ನನಗ ಏನೂ ವಾಸನಿ ಬರಂಗಿಲ್ಲ. ಹೊರಗಿಂದ ಬಂದಾವ್ರು "ಯಾ ಅಲ್ಲಾ, ಏನ್ ಘಮ" ಅಂತಾರ. ಮೂಗು ಒಂದ ವಾಸನಿ ಒಂದ ಸಮ ಬಂದ್ರ ಅದನ್ನ ಕೇಳೂದ ಬಿಟ್ಟುಬಿಡ್ತೈತಿ. ಹತ್ತು ನಿಮಿಷ ಹೊರಗ ಹೋಗಿ ಚಾ ಕುಡದು ಬಂದ್ರ ಮತ್ತ ಬರ್ತೈತಿ. ಇದು ಗೊತ್ತಿಲ್ಲದ ಮಂದಿ "ಹೋತು ಹೋತು" ಅಂತ ಮ್ಯಾಲಿಂದ ಮ್ಯಾಲ ಹೊಡಕೋತಾರ. ಚಿಗರಿ ಸಾಹೇಬರ ಮುಂದಿನ ಸೀಟಿನಾಕಿ ಅಂಥಾಕಿನ ಇರಬೇಕು.

ಮಾಲಿನ ಅಂಗಡ್ಯಾಗ ನಡುನಡುವ ಕಾಫಿ ಬೀಜ ಮೂಸಾಕ ಕೊಡ್ತಾರ. ಅದರ ಬದಲಿ ನಿಮ್ಮದ ತೋಳು ಮೂಸ್ಕೋರಿ, ಇಲ್ಲಾ ಬಾಗಲದಾಗ ನಿಂತು ಗಾಳಿ ಕುಡೀರಿ. ಲಾಭ ಅಷ್ಟ, ಕಾಫಿ ಬೀಜ ಹೆಚ್ಚಿಂದೇನೂ ಮಾಡಂಗಿಲ್ಲ.

ಲ್ಯಾಬ್_ಕೋಟು · 8.31

ಇದಕ್ಕ ಇನ್ನೊಂದು ಸೇರಸ್ರಿ. ಈಗಿನ ಸೆಂಟಿನ್ಯಾಗ ಕಸ್ತೂರಿ ಅಂದ್ರ ಮೃಗದ್ದಲ್ಲ, ಫ್ಯಾಕ್ಟರಿದು. ಅದರೊಳಗ ಕೆಲವು ಕಸ್ತೂರಿ ಕೆಲವರ ಮೂಗಿಗೆ ಹುಟ್ಟಾ ಹತ್ತಂಗಿಲ್ಲ. ನೆಗಡಿ ಅಲ್ಲ, ಉಳದೆಲ್ಲಾ ವಾಸನಿ ಬರ್ತಾವ, ಅದೊಂದ ಬರಂಗಿಲ್ಲ. ಹುಡುಗಿ, ಡಬ್ಬಿ ಮ್ಯಾಲ ಏನೇನು ಬರದದ ಹೇಳ್ರಿ.

ಸಾಧನಕೇರಿ_ಹುಡುಗಿ · 8.44

ಬರ್ಗಮಾಟ್, ಮ್ಯಾಂಡರಿನ್, ಜಾಸ್ಮಿನ್, ಪಚೋಲಿ, ಮಸ್ಕ್ ಅಂದ್ರ ನೀವು ಹೇಳಿದ ಕಸ್ತೂರಿ. ಕೆಳಗ ಸಣ್ಣ ಅಕ್ಷರದಾಗ ಓ ದ ಪರ್ಫ್ಯೂಮ್.

ಅರಳಿ_ಅತ್ತರ್ · 8.52

ಮತ್ತೇನು! ನಿಮಗ ಬಂದ ಮೂರೂ ವಾಸನಿ ಡಬ್ಬಿ ಮ್ಯಾಲ ಬರದ ಕೊಟ್ಟಾರ. ಬರ್ಗಮಾಟ್, ಮ್ಯಾಂಡರಿನ್ ಅಂದ್ರ ಕಿತ್ತಳಿ ಜಾತೀದ ಕಾಯಿ. ನಾ ನೋಡಿದ ಡೂಪ್ಲಿಕೇಟ್ ಮಾಲು ಹಿಂಗ ಮೆಟ್ಟಿಲು ಇಳಿಯಂಗಿಲ್ಲ. ಶುರುವಿಗೆ ಒಂದು ಹೊಡತ, ಅರ್ಧ ತಾಸಿಗೆ ಬರೇ ಸ್ಪಿರಿಟ್ಟು.

ಸಾಧನಕೇರಿ_ಹುಡುಗಿ · 8.55

ಹಂಗಾರ ಡಾಂಬರ್ ಗುಳಿಗಿ? ಅದನ್ನೆಲ್ಲೂ ಬರದಿಲ್ಲ!

ಗದಗಿನ_ಮಾಸ್ತರ · 9.20

ಅದನ್ನು ಬರೆದರೆ ಯಾರು ಕೊಳ್ಳುತ್ತಾರೆ ಹೇಳಿ.

ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಪದಾರ್ಥ ಇದೆ. ಅದನ್ನೊಂದನ್ನೇ ತೆಗೆದು ಮೂಸಿದರೆ ಡಾಂಬರ್ ಗುಳಿಗೆಯ ವಾಸನೆ, ಹೆಚ್ಚಾದರೆ ಪಾಯಖಾನೆಯ ನೆನಪು. ಹೂವಿನಲ್ಲಿ ಚೂರೇ ಚೂರು ಇರುವುದರಿಂದ ಘಮ. ಆ ಚೂರನ್ನು ತೆಗೆದುಬಿಟ್ಟರೆ ಮಲ್ಲಿಗೆ ಮಲ್ಲಿಗೆಯಾಗಿ ಉಳಿಯುವುದಿಲ್ಲ, ಸಾಬೂನಾಗುತ್ತದೆ. ನಿಮ್ಮ ತಾಯಿಯವರ ಮೂಗು ಬಲು ಚುರುಕು. ಲ್ಯಾಬಿನಲ್ಲಿ ಕೂಡಿಸಬೇಕು.

ಮೂಗುತಿ · 9.31

ಅಯ್ಯ ಇದು ಖರೇರಿ! ಹಡಗಲಿ ಮಲ್ಲಿಗಿ ಮಾಲಿ ತಂದು ಸಂಜೀಕ ಮುಡಕೊಂಡ್ರ ಏನ್ ಘಮ. ರಾತ್ರಿ ತಲಿದಿಂಬಿನ ಬಾಜೂಕ ಬಿಚ್ಚಿಟ್ಟು ಮುಂಜಾನೆ ಎದ್ದು ಮೂಸಿದ್ರ ಏನೋ ಒಂಥರಾ ಕೊಳತ ವಾಸನಿ, ತಲಿ ಸುತ್ತತೈತಿ. ನಾ ಹೂವು ಹಳೇದಾತು ಅನಕೊಂಡಿದ್ದೆ.

ತಂಬೂರಿ_ತಂತಿ · 9.35

ಹಳೇದೂ ಆಗಿರ್ತದರಿ, ಎಲ್ಲಾದಕ್ಕೂ ಇಂಡೋಲ್ ಮ್ಯಾಲ ಹಾಕಬ್ಯಾಡ್ರಿ.

ಚಿಗರಿ_ಪ್ರಯಾಣಿಕ · 9.50

ನೀವೆಲ್ಲಾ ಏನರ ಅನ್ರಿ, ಮೊದಲ ಮಳಿ ಬಿದ್ದಾಗ ಬರೂ ಮಣ್ಣಿನ ವಾಸನಿ ಮುಂದ ಯಾವ 3,400ರ ಬಾಟ್ಲೀನೂ ನಿಂದ್ರಂಗಿಲ್ಲ. ಪುಗಸಟ್ಟಿ. ತಲೀನೂ ಹಿಡಿಯಂಗಿಲ್ಲ.

ಅರಳಿ_ಅತ್ತರ್ · 9.58

ಅದನ್ನೂ ಶೀಶೆದಾಗ ಹಾಕಿ ಮಾರ್ತಾರ ಸಾಹೇಬರ. ಮಿಟ್ಟಿ ಅತ್ತರ್. ಉತ್ತರ ಪ್ರದೇಶದ ಕನೌಜಿನ್ಯಾಗ ಸುಟ್ಟ ಮಣ್ಣು ತಾಮ್ರದ ಹಂಡೇಕ ಹಾಕಿ, ನೀರು ಕುದಿಸಿ, ಆ ಉಗೀನ ಬಿದರಿನ ಕೊಳವ್ಯಾಗ ಹಾಯಿಸಿ ಗಂಧದೆಣ್ಣಿಯೊಳಗ ಇಳಿಸ್ತಾರ. ಹಂಡೇಕ ದೇಗ್ ಅಂತಾರ, ಎಣ್ಣಿ ಇರೂ ಪಾತ್ರಿಗೆ ಭಪಕಾ. ಗುಲಾಬಿ, ಮಲ್ಲಿಗಿ, ಕೇದಗಿ ಎಲ್ಲಾದಕ್ಕೂ ಇದ ಪದ್ಧತಿ. ಅತ್ತರಿನ್ಯಾಗ ಸ್ಪಿರಿಟ್ ಇರಂಗಿಲ್ಲ, ತಳಕ್ಕ ಗಂಧ ಇರ್ತೈತಿ, ಅದಕ್ಕ ಅದು ಮೆಲ್ಲಕ ಬಿಚ್ಚಿ ಮೆಲ್ಲಕ ಹೋಗ್ತೈತಿ. ಈಗ ಗಂಧದೆಣ್ಣಿ ಬಂಗಾರ ಆಗೇತಿ, ಭಾಳ ಕಡೆ ಲಿಕ್ವಿಡ್ ಪ್ಯಾರಾಫಿನ್ ಹಾಕ್ತಾರ. ಅದು ಒಡಲಾಗಿ ಹಿಡಕೋತೈತಿ, ಆದ್ರ ಗಂಧದ ತಳ ಎಲ್ಲಿಂದ ಬರಬೇಕು?

ಬ್ಯಾಸಿಗ್ಯಾಗ ಮಿಟ್ಟಿ, ಖಸ್, ಗುಲಾಬ್ ಕೇಳ್ತಾರ. ಚಳಿಗಾಲಕ್ಕ ಹೀನಾ, ಶಮಾಮಾ. ಮೊದಲ ಮಂದಿ ಒಂದು ಹನಿ ಅರಳಿಗೆ ಹಚ್ಚಿ ಕಿವಿ ಸಂದ್ಯಾಗ ಇಟ್ಕೊಂಡು ಮದವಿಗೆ ಹೋಗಾವ್ರು. ಮಧ್ಯಾಹ್ನ ಊಟಕ್ಕ ಕುಂತಾಗೂ ಘಮ ಅನ್ನಾವ್ರು.

ಬ್ಯಾಡಗಿ_ಖಾರ · 10.05

ಮಣ್ಣಿನ ವಾಸನಿ ಅಂದ್ರ ಮಸಾರಿ ಮಣ್ಣಿಂದು. ಎರಿಗೆ ಮಳಿ ಬಿದ್ರ ಬರೇ ಕೆಸರು.

ಏಲಕ್ಕಿ_ಹಾರ · 10.09

ಎರಿ ಹೊಲದ ಬದಾಗ ಮೊದಲ ಮಳಿಗೆ ಒಮ್ಮೆ ನಿಂತು ನೋಡ್ರಿ, ಆಮ್ಯಾಲ ಮಾತಾಡ್ರಿ.

ಗದಗಿನ_ಮಾಸ್ತರ · 10.25

ಎರಿಯೋ ಮಸಾರಿಯೋ ಎಂದು ತೀರ್ಪು ಕೊಡಲಾರೆ, ನನ್ನ ಹೊಲ ಎರಡೂ ಕಡೆ ಇದೆ. ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದರ ಒಂದು ಮುಖ್ಯ ಅಂಶ ಜಿಯೋಸ್ಮಿನ್, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವಂಥದ್ದು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ.

ಮೂಲ ಪ್ರಶ್ನೆಗೆ ಬರೋಣ. ಆ ಹುಡುಗಿ ಎಲ್ಲಿ ಹೋದಳು?

ಸಾಧನಕೇರಿ_ಹುಡುಗಿ · 10.31

ಇಲ್ಲೇ ಇದೀನ್ರಿ ಸರ್. ಇವತ್ತು ಸುಟಿ ಅದ, ಒಂದು ಪ್ರಯೋಗ ಹಚ್ಚೀನಿ. ರಾತ್ರಿ ಬರೀತೀನಿ.

ಕಲಘಟಗಿ_ಕಾಡು · ಮಧ್ಯಾಹ್ನ 1.10

ಯಾರೂ ಹೇಳದ ಒಂದು ಮಾತು ಹೇಳ್ತೀನಿ. ಲಿಂಬಿ, ಬರ್ಗಮಾಟ್ ಜಾತಿ ಎಣ್ಣಿ ಹಚ್ಕೊಂಡು ಬಿಸಲಿಗೆ ಹೋಗಬ್ಯಾಡ್ರಿ. ಎರಡು ವರ್ಷದ ಹಿಂದ ಆನ್‌ಲೈನ್‌ನ್ಯಾಗ ಬರ್ಗಮಾಟ್ ಎಣ್ಣಿ ತರಿಸಿ, ಕೊಬ್ರಿ ಎಣ್ಣ್ಯಾಗ ಕಲಸಿ, ನಂದ ಸ್ವಂತ ಸೆಂಟ್ ಅಂತ ಕುತಿಗಿಗೆ ಬಳಕೊಂಡು ಹೊಲಕ್ಕ ಹೋದೆ. ಮರುದಿನ ಕೆಂಪಗ ಉರಿ, ವಾರದ ಮ್ಯಾಲ ಕರ್ರನ ಕಲಿ, ಎಣ್ಣಿ ಹೆಂಗ ಇಳದಿತ್ತೋ ಹಂಗ ಗೆರಿ ಗೆರಿ. ಹೋಗಾಕ ತಿಂಗಳುಗಟ್ಟಲೆ ಹತ್ತಿತು. ಆ ಎಣ್ಣ್ಯಾಗ ಬರ್ಗಾಪ್ಟೆನ್ ಅಂತ ಇರ್ತೈತಿ, ಬಿಸಲು ಬಿದ್ರ ಚರ್ಮ ಸುಡ್ತೈತಿ ಅಂತ ಡಾಕ್ಟರ್ ಹೇಳಿದ್ರು. ಒಳ್ಳೇ ಕಂಪನಿ ಸೆಂಟಿನ್ಯಾಗ ಅದನ್ನ ತಗದು ಹಾಕಿರ್ತಾರಂತ, ನನ್ನಂಗ ಮನ್ಯಾಗ ಕಲಸಾವ್ರಿಗೆ ಹೇಳಾಕತ್ತೀನಿ.

ಮೂಗುತಿ · 1.22

ಇನ್ನೊಂದು ಸೇರಸ್ತೀನಿ: ಇಳಕಲ್ ಸೀರಿ ಸೆರಗಿಗೆ ಹೊಡೀಬ್ಯಾಡ್ರಿ. ರೇಷ್ಮಿ ಮ್ಯಾಲ ಕಲಿ ಕುಂತ್ರ ಹೋಗಂಗಿಲ್ಲ. ನನ್ನ ಅನುಭವ, ಹೆಚ್ಚು ಕೇಳಬ್ಯಾಡ್ರಿ.

ಸಾಧನಕೇರಿ_ಹುಡುಗಿ · ರಾತ್ರಿ 10.05

ಪ್ರಯೋಗದ ವರದಿ. ಮುಂಜಾನೆ 10.30ಕ್ಕ ಐದು ಕಡೆ ಒಂದೊಂದ ಸಲ ಹೊಡದೆ: ನನ್ನ ಬಲಗೈ (ಒಣಾ), ಎಡಗೈ (ಮೊದಲ ಚೂರು ವ್ಯಾಸಲೀನ್ ಹಚ್ಚಿ), ಅವ್ವನ ಮುಂಗೈ, ಅಪ್ಪನ ಹಳೇ ಕರ್ಚೀಪು, ಮತ್ತ ಹೆಸರು ತಪ್ಪು ಮುದ್ರಣ ಆಗಿದ್ದ ಒಂದು ಲಗ್ನಪತ್ರಿಕಿ.

10.30: ಐದೂ ಕಡೆ ಮೂಸಂಬಿ.

10.50: ಬಲಗೈ ಮ್ಯಾಲ ಮೂಸಂಬಿ ಹೋತು. ಎಡಗೈ ಮ್ಯಾಲ ಚೂರು ಅದ. ಪತ್ರಿಕಿ ಮ್ಯಾಲ ಇನ್ನೂ ಜೋರ್ ಅದ! ಅಂಗಡ್ಯಾಂವ ಕಾಗದ ಯಾಕ ಕೊಡ್ತಾನ ಈಗ ತಿಳೀತು.

12ಕ್ಕ: ಎರಡೂ ಕೈ ಮಲ್ಲಿಗಿ. ಅವ್ವನ ಕೈ ಮೂಸಿದೆ, ಮಲ್ಲಿಗಿ ಖರೇ, ಆದ್ರ ಹಿಂದ ಏನೋ ಸಿಹಿ. ಅವ್ವ ತನ್ನ ಕೈ ತಾನ ಮೂಸಿ "ಡಾಂಬರ್ ಗುಳಿಗಿ" ಅಂದಳು. ನಾ ಇಂಡೋಲ್ ಅಂದೆ. "ಏನರ ಅನ್ನು, ಗುಳಿಗೀನ" ಅಂದಳು.

1.30: ಇಲ್ಲೊಂದು ಅನಾಹುತ. ಅವ್ವ "ಆಟ ಸಾಕು, ರೊಟ್ಟಿ ಬಡಿ" ಅಂದಳು. ಹಿಟ್ಟು ನಾದಿ ಎಂಟು ರೊಟ್ಟಿ ಬಡದೆ. ಬಲಗೈ ಪ್ರಯೋಗ ಅಲ್ಲಿಗೆ ಮುಗೀತು.

4ಕ್ಕ: ಹಿತ್ತಲದಾಗ ಅರ್ಧ ತಾಸು ಕುಂತು ಬಂದೆ, ಅರಳಿ ಕಾಕಾ ಹೇಳಿದಂಗ. ಎಡಗೈ ಮೂಸಿದ್ರ ವಾಸನಿ ಬಂತು! ಮಣ್ಣಮಣ್ಣ, ಒಣಾ ಎಲಿ, ತಣ್ಣಗ. ಪತ್ರಿಕಿ ಈಗ ಎಲ್ಲೋ ಮಲ್ಲಿಗಿಗೆ ಬಂದಿತ್ತು.

ಈಗ 10ಕ್ಕ: ಎಡಗೈ ಮ್ಯಾಲ ನನಗ ಏನಿಲ್ಲ. ಅಣ್ಣ ಮೂಸಿ "ಸಾಬಾನ ತೊಳದ ಅಂಗಿ ಹಂಗ ಅದ" ಅಂತಾನ. ಅದು ಮಸ್ಕ್ ಇರಬೇಕೇನ್ರಿ? ನನ್ನ ಮೂಗಿಗೆ ಆ ಮಸ್ಕ್ ಹತ್ತಂಗಿಲ್ಲ ಅಂದಂಗಾತು. 3,400ರಾಗ ಒಂದು ಭಾಗ ಊರ ಮಂದಿಗೆ.

ಲ್ಯಾಬ್_ಕೋಟು · 10.18

ಅಗದಿ ಮಸ್ತ್. ಎರಡು ತಪ್ಪು: ಕರ್ಚೀಪಿನ ಫಲಿತಾಂಶ ಬರದಿಲ್ಲ. ಮತ್ತ ಮೂಸಾವ್ರಿಗೆ ಯಾವ ಕೈ ಯಾವುದು ಅಂತ ಗೊತ್ತಿರಬಾರದಿತ್ತು.

ಬ್ಯಾಡಗಿ_ಖಾರ · 10.20

ಮೂರನೇ ತಪ್ಪು: ಆ ಎಂಟು ರೊಟ್ಟಿ ಯಾರು ತಿಂದ್ರು? ಅವರ ಹೇಳಿಕಿ ಎಲ್ಲಿ?

ಸಾಧನಕೇರಿ_ಹುಡುಗಿ · 10.24

ಅಪ್ಪ. "ಇವತ್ತ ರೊಟ್ಟಿ ಏನೋ ಹೂವಿನಂಗ ಅವ" ಅಂದ್ರು. ಮೃದು ಅದಾವ ಅಂದ್ರೋ ವಾಸನಿ ಅಂದ್ರೋ ಕೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಕರ್ಚೀಪು ಅವರ ಕಿಸೇದಾಗ ಹೋಗಿಬಿಟ್ಟದ.

ಗದಗಿನ_ಮಾಸ್ತರ · 10.40

"ಮಣ್ಣು, ಒಣ ಎಲೆ" ಎಂದಿರಲ್ಲ, ಅದೇ ಪಚೋಲಿ. ಈಗ ನಿಮ್ಮ ತಾಯಿಯವರು ಮೊದಲ ದಿನ "ಟ್ರಂಕ್" ಅಂದದ್ದಕ್ಕೆ ಇನ್ನೊಂದು ಸಮರ್ಥನೆ ಕೊಡುತ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಂದ ಯುರೋಪಿಗೆ ಕಾಶ್ಮೀರಿ ಶಾಲು ಕಳಿಸುವಾಗ ನುಸಿ ಹತ್ತಬಾರದೆಂದು ಮಡಿಕೆಗಳ ನಡುವೆ ಒಣ ಪಚೋಲಿ ಎಲೆ ಇಡುತ್ತಿದ್ದರು. ಆ ವಾಸನೆ ಬಂದರೇ ಅಸಲಿ ಶಾಲು ಎಂದು ಅಲ್ಲಿಯ ಹೆಂಗಸರು ಗುರುತಿಸತೊಡಗಿದರು. ಅಲ್ಲಿಯ ನಕಲಿ ಶಾಲಿನವರು ಪಚೋಲಿ ತರಿಸಿ ಹಚ್ಚುವಷ್ಟು! ಅಂದರೆ ಪಚೋಲಿ ಎನ್ನುವುದೇ ಪೆಟ್ಟಿಗೆಯ ವಾಸನೆ. ಮಲ್ಲಿಗೆಯ ಇಂಡೋಲು, ಪಚೋಲಿಯ ಪೆಟ್ಟಿಗೆ, ಎರಡೂ ಒಟ್ಟಿಗೆ ಅವರ ಮೂಗಿಗೆ ಸಿಕ್ಕಿವೆ.

ಬೆಂಗಳೂರಿಗೆ_ಹೋದಾಂವ · 10.52

ಮಾಸ್ತರ, ನಿಮ್ಮ ಮಾತು ಕೇಳಿ ಪಿಎಚ್ ಬಿಟ್ಟೆ. ಹಂಗಾರ ಲಗ್ನದ ದಿನ ಅವರು ಏನ್ ಮಾಡಬೇಕು ಅದನ್ನ ಹೇಳ್ರಿ.

ಅರಳಿ_ಅತ್ತರ್ · 11.04

ಅದನ್ನ ನಾ ಹೇಳ್ತೀನಿ. ಜಳಕ ಮಾಡಿ ಮೈ ಒರಸಿದ ಮ್ಯಾಲ, ಕುತಿಗಿ ಹಿಂದ, ಮೊಣಕೈ ಒಳಗ ಚೂರು ವ್ಯಾಸಲೀನ್ ಹಚ್ಚಿ ಅದರ ಮ್ಯಾಲ ಒಂದೊಂದ ಸಲ ಹೊಡಕೋ. ತಿಕ್ಕಬ್ಯಾಡ. ಅಕ್ಷತಾ ಎಷ್ಟಕ್ಕೈತಿ ಕೇಳಿಕೊಂಡು ಅದಕ್ಕ ಒಂದು ತಾಸು ಮೊದಲು ಹೊಡಕೋ, ಮಂದಿ ಬಂದು ಅಪ್ಪಿಕೊಳ್ಳೂ ಹೊತ್ತಿಗೆ ಮಲ್ಲಿಗಿ ನಡದಿರ್ತೈತಿ. ಏಪ್ರಿಲ್ ಬಿಸಲಾಗ ಇನ್ನೂ ಲಗೂ ಓಡ್ತೈತಿ, ಲೆಕ್ಕ ಹಿಡಿ. ಬಾಟ್ಲಿ ಕಿಡಕ್ಯಾಗ, ಗಾಡಿ ಡಿಕ್ಯಾಗ ಇಡಬ್ಯಾಡ, ಬಿಸಲು ಬಿದ್ರ ಮೊದಲ ಮೂಸಂಬಿನ ಸಾಯ್ತೈತಿ.

ಚಿಗರಿ_ಪ್ರಯಾಣಿಕ · 11.07

ಮತ್ತ ಬಸ್ಸಿನ್ಯಾಗ ಬರಬ್ಯಾಡ್ರಿ.

ಸಾಧನಕೇರಿ_ಹುಡುಗಿ · ಸೋಮವಾರ ರಾತ್ರಿ 8.40

ಎಲ್ಲಾರಿಗೂ ಧನ್ಯವಾದ. ಒಂದು ಹೊಸಾ ಸಮಸ್ಯಾ. ಇವತ್ತ ಆಫೀಸಿಂದ ಬಂದು ನೋಡ್ತೀನಿ, ಟೇಬಲ್ ಮ್ಯಾಲ ಬಾಟ್ಲಿನ ಇಲ್ಲ. ಅವ್ವನ್ನ ಕೇಳಿದೆ. ತನ್ನ ಟ್ರಂಕಿನ್ಯಾಗ, ಧಾರಿ ಸೀರಿ ಕೆಳಗ ಇಟ್ಟಾಳ. "ಬಿಸಲಿಗೆ ಇಡಬಾರದು ಅಂತ ನೀನ ಓದಿ ಹೇಳಿದ್ದಿ. ಮತ್ತ ಮುಂಜಾನೆ ಎದ್ದಾಗ ನನ್ನ ಕೈ ಘಮ್ ಅಂತಿತ್ತು, ನನ್ನ ಮೈಗೆ ಛಲೋ ಕೂಡ್ತದ" ಅಂತಾಳ. ಕೀಲಿ ಆಕಿ ಕುಬಸದಾಗ ಅದ.

ಮೂಗುತಿ · 8.44

ಲಗ್ನಕ್ಕ ಹೂವು ಮುಡಕೋರಿ ಹಂಗಾರ. ಹಡಗಲಿದು.

ಲ್ಯಾಬ್_ಕೋಟು · 8.51

ಕತ್ತಲಿ, ತಂಪು, ಗಾಳಿ ಇಲ್ಲ. ಬಾಟ್ಲಿ ಇಡಾಕ ಟ್ರಂಕಿನಂಥಾ ಜಾಗ ಮತ್ತೊಂದಿಲ್ಲ. ಡಾಂಬರ್ ಗುಳಿಗಿ ಮಾತ್ರ ತಗೀರಿ ಅನ್ರಿ.

ಉಣಕಲ್_ಗಾಳಿ · 8.53

ಶನಿವಾರದಿಂದ ಕೇಳಾಕತ್ತೀನಿ. ಬಿಲ್ ಐತೋ ಇಲ್ಲೋ?

ಸಾಧನಕೇರಿ_ಹುಡುಗಿ · 8.57

ಡಬ್ಬ್ಯಾಗ ಇತ್ತುರಿ. ಡಬ್ಬಿ ಟ್ರಂಕಿನ್ಯಾಗ ಅದ. ಟ್ರಂಕ್ ಅಪ್ಪನ ಮುಂದ ತಗೀತಾಳ. 900 ಅಂತ ಹೇಳೀನಿ.

ಉಣಕಲ್_ಗಾಳಿ · 8.58

ಅದಕ್ಕ ಕೇಳಿದ್ದೆವಾ.